ಹಿಂದಿನ ಸೀಟಿನಲ್ಲಿ ಕೂತಿದ್ದವರು

ಹಳೇ ಫೋಟೋ ರಿಪೇರಿ ಎಂದರೆ ಗೀರು ಮುಚ್ಚುವುದು, ಬೂಷ್ಟು ತೆಗೆಯುವುದು, ಹರಿದದ್ದನ್ನು ಕೂಡಿಸುವುದು ಎಂದು ಈಗ ಈ ಕೆಲಸಕ್ಕೆ ಬರುವ ಹುಡುಗರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದು ಬಂದವನು. ಬಂದ ಮೇಲೆ ಗೊತ್ತಾಯಿತು, ಅರ್ಧ ಕೆಲಸ ಮನುಷ್ಯರನ್ನು ಅಳಿಸುವುದು. ಗಿರಾಕಿ ಫೋಟೋವನ್ನು ಮೇಜಿನ ಮೇಲಿಟ್ಟು, ಗೀರಿನ ಮಾತೇ ಎತ್ತದೆ, ಯಾವುದೋ ಒಂದು ಮುಖದ ಮೇಲೆ ಬೆರಳಿಟ್ಟು "ಇವನು ಬೇಡ" ಎನ್ನುತ್ತಾನೆ. ಮೊದಲ ಸಲ ಆ ಮಾತು ಕೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ಬರಬರುತ್ತ ರೂಢಿಯಾಯಿತು ಎಂದು ಬರೆದರೆ ಸುಳ್ಳಾದೀತು. ನಾನು ಹುಟ್ಟಾ ಬೆಚ್ಚಿಬೀಳುವ ಪ್ರಾಣಿ. ಕುಕ್ಕರ್ ಕೂಗಿದರೂ ಬೆಚ್ಚುತ್ತೀರಿ ಎಂದು ನನ್ನ ಹೆಂಡತಿ ಸರೋಜ ಇವತ್ತಿಗೂ ಹಂಗಿಸುತ್ತಾಳೆ. ಅಂಥವನು ಸತ್ತವರ, ಬೇಡವಾದವರ ಮುಖಗಳನ್ನು ಭೂತಗನ್ನಡಿ ಹಿಡಿದು ನೋಡುತ್ತ ಆಯುಷ್ಯ ಕಳೆದೆ.

ಎಲ್ಲ ಬಗೆಯ ಫೋಟೋಗಳ ವಿಷಯ ಬರೆಯಲು ಕೂತರೆ ಮುಗಿಯುವುದಿಲ್ಲ. ಹಳೇ ಮೋಟಾರು, ಹಳೇ ರಸ್ತೆ ಇದ್ದ ಫೋಟೋಗಳ ವಿಷಯ ಮಾತ್ರ ಬರೆಯುತ್ತೇನೆ. ನನ್ನನ್ನು ಅತಿ ಹೆಚ್ಚು ಗಾಬರಿಪಡಿಸಿದ್ದು ಅವೇ. ನಮ್ಮ ಶಿವಮೊಗ್ಗ, ಭದ್ರಾವತಿ ಕಡೆ ಹಳೇ ಮನೆತನಗಳಲ್ಲಿ ದೇವರ ಪಟ ಬಿಟ್ಟರೆ ದೊಡ್ಡ ಚೌಕಟ್ಟು ಹಾಕಿಸುತ್ತಿದ್ದುದು ಕಾರಿನ ಫೋಟೋಗೆ. ತಾತ, ಮುತ್ತಾತ, ಒಂದು ಕಾರು, ಹಿಂದೆ ಧೂಳು ತುಂಬಿದ ರಸ್ತೆ. ತಂದವರೆಲ್ಲ ಹೇಳುವುದು ಒಂದೇ: "ಶಿವಮೊಗ್ಗಕ್ಕೆ ಬಂದ ಮೊದಲನೇ ಕಾರು ಸ್ವಾಮಿ ಇದು." ಹಾಗೆ ಶಿವಮೊಗ್ಗಕ್ಕೆ ಬಂದ ಮೊದಲನೇ ಕಾರುಗಳನ್ನು ನಾನೇ ಒಂದು ಸಂತೆಗಾಗುವಷ್ಟು ನೋಡಿದ್ದೇನೆ.

ಕೆಲಸ ಕಲಿತದ್ದು ಭದ್ರಾವತಿಯಲ್ಲಿ, ದೊರೈ ಅಣ್ಣನ ಸ್ಟುಡಿಯೋದಲ್ಲಿ. ಅಣ್ಣನ ತಂದೆ ಕಾರ್ಖಾನೆಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದವರು. ಅಣ್ಣ ಕುಲುಮೆಯ ಬಿಸಿ ತಾಳದೆ ಕ್ಯಾಮೆರಾ ಹಿಡಿದವರು. ಚೂಪಾಗಿ ಹೆರೆದ ಪೆನ್ಸಿಲ್ಲು, ಸಣ್ಣ ಚಾಕು, ಒಂದೆರಡು ಕೂದಲಿನ ಕುಂಚ, ಇಷ್ಟೇ ನಮ್ಮ ಆಯುಧ. ನೆಗೆಟಿವ್ ಮೇಲೆ ಚಾಕುವಿನಿಂದ ಕೆರೆದರೆ ಪ್ರಿಂಟಿನಲ್ಲಿ ಕಪ್ಪಾಗುತ್ತದೆ, ಪೆನ್ಸಿಲ್ ಆಡಿಸಿದರೆ ಬೆಳ್ಳಗಾಗುತ್ತದೆ. ಅಪ್ಪ ಅಮ್ಮ ಕೊಟ್ಟ ಮೂಗನ್ನು ನಾವು ತಿದ್ದಬಹುದಿತ್ತು. ಕುಂಚದ ತುದಿಯನ್ನು ನಾಲಿಗೆಯಲ್ಲೇ ಒದ್ದೆ ಮಾಡಿಕೊಳ್ಳುವುದು ಎಲ್ಲರ ಪದ್ಧತಿ. ನಾಲಿಗೆ ಕರ್ರಗಿದ್ದವನು ಒಳ್ಳೇ ಕೆಲಸಗಾರ ಎಂದು ಅಣ್ಣ ಹೇಳುತ್ತಿದ್ದರು.

ಮೊದಲು ನನ್ನ ಕೈಗೆ ಬಂದ ಕಾರಿನ ಫೋಟೋದಲ್ಲಿ ಹಳ್ಳದ ನಡುವೆ ಒಂದು ಕಾರಿತ್ತು. ಸೇತುವೆ ಇಲ್ಲದ ಕಾಲದ್ದು. ಮುಂದೆ ಒಂದು ಜೊತೆ ಎತ್ತು ಕಟ್ಟಿ ಹಗ್ಗದಿಂದ ಎಳೆಸುತ್ತಿದ್ದಾರೆ. ಕಾರಿನಲ್ಲಿ ಕೋಟು ಪೇಟದ ಯಜಮಾನರು ಮೀಸೆ ತಿರುವಿಕೊಂಡು ಕೂತಿದ್ದಾರೆ. ಅವರ ಮೊಮ್ಮಗ ಬಂದು ಎತ್ತುಗಳನ್ನು ತೆಗೆಯಬೇಕು ಎಂದ. ನಾನು ಬಾಯಿಬಿಟ್ಟುಕೊಂಡು ದೊರೈ ಅಣ್ಣನ ಮುಖ ನೋಡಿದೆ.

"ಎತ್ತು ತೆಗ್ದ್ರೆ ಕಾರು ನೀರಲ್ಲಿ ಯಾಕೆ ನಿಂತಿದೆ ಅಂತ ಜನ ಕೇಳಲ್ವಾ ಸಾರ್?" ಎಂದು ಅಣ್ಣ ಗಿರಾಕಿಯನ್ನು ಕೇಳಿದರು.

"ಕಾರು ತೊಳೀತಿದ್ರು ಅಂತ ಹೇಳ್ತೀನಿ ಬಿಡಿ" ಎಂದ ಆತ.

ಎತ್ತು ಹೋದವು. ಹಗ್ಗ ಹೋಯಿತು. ಎತ್ತು ಹೊಡೆಯುವವನೂ ಹೋದ. ಯಜಮಾನರು ಮೊಣಕಾಲು ಮಟ್ಟದ ನೀರಿನಲ್ಲಿ, ಯಾರ ಹಂಗೂ ಇಲ್ಲದೆ, ಮೀಸೆ ತಿರುವುತ್ತ ಉಳಿದರು. "ನೋಡು ತಂಬಿ, ನಾವು ಎಷ್ಟು ಎತ್ತು ತಿಂದಿದೀವಿ ಅಂತ ಮೇಲೆ ಲೆಕ್ಕ ಕೇಳ್ತಾರೆ" ಎಂದು ಅಣ್ಣ ನಕ್ಕರು. ಅವತ್ತು ಊಟ ಮಾಡುವಾಗ ಅದೇ ನೆನಪಾಗಿ ನನಗೆ ಅನ್ನ ಸೇರಲಿಲ್ಲ.

ಎತ್ತಿನ ನಂತರ ಹೆಚ್ಚು ಅಳಿಸಿಕೊಂಡವರು ಡ್ರೈವರುಗಳು. ಆಗ ಕಾರು ಕೊಂಡವರಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಡ್ರೈವರ್ ಮುಂದೆ, ಯಜಮಾನರು ಹಿಂದೆ. ಮೊಮ್ಮಕ್ಕಳ ಕಾಲಕ್ಕೆ ಅದು ಮರ್ಯಾದೆಗೆ ಕಡಿಮೆಯಾಯಿತು. ತಾತನೇ ಸ್ಟೇರಿಂಗ್ ಹಿಡಿದಿರಬೇಕು. ಡ್ರೈವರನ ಮೈಯ ಮೇಲೆ ತಾತನ ತಲೆ ಕೂರಿಸುತ್ತಿದ್ದೆವು. ಕೋಟು ತೊಟ್ಟ ಮೈ ಬೇರೆ ಫೋಟೋದಲ್ಲಿ ಸಿಗದಿದ್ದರೆ ಡ್ರೈವರನ ಖಾಕಿ ಅಂಗಿಯನ್ನೇ ಕೋಟು ಮಾಡುತ್ತಿದ್ದೆವು. ಇದಕ್ಕೆಲ್ಲ ಯಾರೂ ಅಂಜುತ್ತಿರಲಿಲ್ಲ.

ನನ್ನದೇ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ, ಮುಂದಿನವರು ಹುಷಾರಾಗಲಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬೇರೆ ಸ್ಟುಡಿಯೋ ಸೇರಿಕೊಂಡ ಹೊಸತು. ಒಂದು ಕಾಲದಲ್ಲಿ ಬಸ್ಸು ಓಡಿಸುತ್ತಿದ್ದ ಮನೆಯ ಹಿರಿಯರು ಒಂದು ಫೋಟೋ ಕೊಟ್ಟು ಹೋದರು. ಎರಡನೇ ಮಹಾಯುದ್ಧದ ಕಾಲದ್ದು. ಬಸ್ಸಿನ ಹಿಂಭಾಗಕ್ಕೆ ಕರ್ರಗೆ ಉದ್ದಕ್ಕೆ ಏನೋ ಮೆತ್ತಿಕೊಂಡಿತ್ತು. ಒದ್ದೆಯಾಗಿ ಬಂದ ಕಲೆ ಎಂದುಕೊಂಡೆ. ಕೂತು ಅದನ್ನು ಅಳಿಸಿ, ಹಿಂದಿದ್ದ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬರೆದೆ. ಅಷ್ಟು ಚೆಂದದ ಗೋಡೆಯನ್ನು ನಾನು ಮತ್ತೆ ಬರೆದಿಲ್ಲ. ಹಿರಿಯರು ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಒಲೆ ಎಲ್ಲಯ್ಯಾ?"

"ಯಾವ ಒಲೆ?"

"ಪೆಟ್ರೋಲ್ ಸಿಗದ ಕಾಲದಲ್ಲಿ ಇದ್ದಿಲು ಉರಿಸಿ ಅದರ ಗ್ಯಾಸಲ್ಲಿ ಬಸ್ಸು ಓಡಿಸ್ತಿದ್ವಿ. ನಮ್ಮಪ್ಪ ಆ ಒಲೆ ಊದೀ ಊದೀ ಎದೆ ಹಾಳು ಮಾಡ್ಕೊಂಡ್ರು. ಫೋಟೋ ತೆಗೆಸಿದ್ದೇ ಒಲೆಗೋಸ್ಕರ. ನೀನು ಒಲೇನೇ ನುಂಗಿದೀಯಲ್ಲೋ ಮಾರಾಯ."

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಪುಣ್ಯಕ್ಕೆ ಅವರ ಮನೆಯಲ್ಲಿ ನೆಗೆಟಿವ್ ಇತ್ತು, ಮತ್ತೆ ಮಾಡಿಕೊಟ್ಟೆ. ಅಂದಿನಿಂದ ಮೂಲ ಪ್ರತಿಯನ್ನು ಮುಟ್ಟುವ ಮೊದಲು ಒಂದು ನಕಲು ತೆಗೆದಿಟ್ಟುಕೊಳ್ಳುವುದು, ಏನೆಂದು ತಿಳಿಯದ್ದನ್ನು ಅಳಿಸದಿರುವುದು ನನ್ನ ನಿಯಮವಾಯಿತು.

ಇನ್ನು ಭದ್ರಾವತಿಯ ದಿನಗಳ ಒಂದು ವಿಷಯ ಬಾಕಿಯಿದೆ. ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗದು. ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಯಾರಾದರೂ ತೀರಿಕೊಂಡರೆ ದೊರೈ ಅಣ್ಣನಿಗೆ ಕರೆ ಬರುತ್ತಿತ್ತು. ಬದುಕಿದ್ದಾಗ ಒಂದೂ ಫೋಟೋ ತೆಗೆಸದವರು ಬಹಳ ಜನ. ಹೆಣವನ್ನು ಗೋಡೆಗೆ ಒರಗಿಸಿ, ಸುತ್ತ ಮನೆಮಂದಿ ಕೂತು, ಒಂದು ಫೋಟೋ. ಆಮೇಲೆ ಮನೆಯವರು ಸ್ಟುಡಿಯೋಗೆ ಬಂದು ತಲೆ ತಗ್ಗಿಸಿ, "ಕಣ್ಣು ತೆರೆಸಿಕೊಡಿ" ಎನ್ನುತ್ತಿದ್ದರು. ಅಣ್ಣ ಪ್ರಿಂಟಿನ ಮೇಲೆ, ಮುಚ್ಚಿದ ರೆಪ್ಪೆಯ ಮೇಲೆಯೇ, ಗೋಂದು ಬೆರೆಸಿದ ಬಣ್ಣದಿಂದ ಕಣ್ಣು ಬರೆಯುತ್ತಿದ್ದರು. ಬಿಳಿ, ಕಪ್ಪು ಗುಡ್ಡೆ, ಕೊನೆಗೆ ಹೊಳಪಿನ ಒಂದು ಚುಕ್ಕಿ. ಚುಕ್ಕಿ ಇಟ್ಟ ಕೂಡಲೇ ಹೆಣ ನನ್ನನ್ನೇ ನೋಡುತ್ತಿತ್ತು. ನಾನು ಒಮ್ಮೆ ಕುರ್ಚಿ ಸಮೇತ ಹಿಂದಕ್ಕೆ ಬಿದ್ದಿದ್ದೇನೆ.

"ಹೆದ್ರಬೇಡ ತಂಬಿ" ಎಂದು ಅಣ್ಣ ನನ್ನನ್ನು ಎಬ್ಬಿಸಿ ಕೂರಿಸಿದರು. "ಫೋಟೋ ನೋಡಿದ್ರೆ ನಂಗೆ ಗೊತ್ತಾಗ್ತದೆ ಯಾರು ಸತ್ತೋರು ಅಂತ. ಹಳೇ ಕ್ಯಾಮೆರಾದಲ್ಲಿ ಮುಚ್ಚಳ ತೆಗ್ದು ಒಂದು, ಎರಡು, ಮೂರು ಅಂತ ಎಣಿಸ್ಬೇಕು. ಬದುಕಿರೋನು ಅಷ್ಟ್ರೊಳಗೆ ಉಸ್ರಾಡ್ತಾನೆ, ಸ್ವಲ್ಪ ಅಲ್ಲಾಡ್ತಾನೆ. ಸತ್ತೋನು ಮಾತ್ರ ಕಲ್ಲು ಕೆತ್ತಿದ ಹಾಗೆ ಬರ್ತಾನೆ."

ವರ್ಷಗಳು ಉರುಳಿದವು. ಪೆನ್ಸಿಲ್ ಹೋಗಿ ಕಂಪ್ಯೂಟರ್ ಬಂತು. ಅದನ್ನು ಕಲಿಯುವಷ್ಟರಲ್ಲಿ ನನ್ನ ತಲೆ ಬೆಳ್ಳಗಾಯಿತು. ಪರದೆಯ ಮೇಲೆ ಫೋಟೋವನ್ನು ಹಿಗ್ಗಿಸಬಹುದು ಎಂದು ತಿಳಿದ ದಿನ ನಾನು ಮಾಡಿದ ಮೊದಲ ಕೆಲಸ ಹಳೇ ರಸ್ತೆಗಳನ್ನು ನೋಡಿದ್ದು. ಈಗ ನಾಲ್ಕು ಸಾಲು ಗಾಡಿ ನುಗ್ಗುವ ಜಾಗದಲ್ಲಿ ಎರಡೂ ಬದಿ ಮರ, ನಡುವೆ ಮಣ್ಣು. ರಸ್ತೆಯ ನಡುಮಧ್ಯೆ ಒಬ್ಬ ಮುದುಕ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದಾನೆ. ದೂರದಲ್ಲಿ ಕಾರು ಬರುತ್ತಿದೆ. ಅವನಿಗೆ ಏಳುವ ಅವಸರವಿಲ್ಲ. ಇದು ನಾನು ದಿನಾ ಪ್ರಾಣ ಕೈಯಲ್ಲಿ ಹಿಡಿದು ದಾಟುವ ರಸ್ತೆಯೇ ಎಂದು ನಂಬಲಾಗದೆ ಬಹಳ ಹೊತ್ತು ಕೂತಿದ್ದೆ.

ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡೆ, ಸ್ಟುಡಿಯೋ ಬಿಟ್ಟೆ. ವಿನೋಬನಗರದ ಮನೆಯಲ್ಲಿ ಕೂತು ಗುರುತಿನವರು ಕೇಳಿದರೆ ಮಾತ್ರ ಮಾಡಿಕೊಡುತ್ತಿದ್ದೆ. ಅದನ್ನೂ ನಿಲ್ಲಿಸುವಂತೆ ಮಾಡಿದ್ದು ಕಿರಣ ತಂದ ಫೋಟೋ.

ಕಿರಣ ನಮ್ಮ ಮುಂದಿನ ಅಡ್ಡರಸ್ತೆಯವನು. ಬಾಡಿಗೆ ಕಾರುಗಳನ್ನು ಬಿಡುತ್ತಾನೆ. ಹೊಸ ಆಫೀಸು ತೆರೆಯುವವನಿದ್ದ. ಬಾಗಿಲ ಮೇಲೆ ಮುತ್ತಾತನ ಕಾರಿನ ಫೋಟೋವನ್ನು ಗೋಡೆಯಗಲದ ಬೋರ್ಡಾಗಿ ಹಾಕಿಸಬೇಕೆಂದು ಅವನ ಆಸೆ. ಮೇಲೆ ಬಟ್ಟೆಯಿಲ್ಲದ ತೆರೆದ ಕಾರು, ಬಾನೆಟ್ಟಿಗೆ ಹೂವಿನ ಹಾರ, ಎರಡೂ ಬದಿಗೆ ಬಾಳೆಕಂದು. ಹಿಂದಿನ ಸೀಟಿನಲ್ಲಿ ಮುತ್ತಾತ ಶಿವಲಿಂಗಪ್ಪನವರು ನೆಟ್ಟಗೆ ಕೂತಿದ್ದಾರೆ. ಹಣೆಗೆ, ತೋಳಿಗೆ ದಪ್ಪ ವಿಭೂತಿ, ಕೊರಳು ಮುಚ್ಚುವಷ್ಟು ಹಾರ. ಪಕ್ಕದಲ್ಲಿ ನಾಲ್ಕೈದು ವರ್ಷದ ಹೆಣ್ಣುಮಗು. ಮುಂದೆ ಡ್ರೈವರ್, ಕಾರಿನ ಸುತ್ತ ನೆಂಟರು.

"ಕಾರಿನ ಪೂಜೆ ದಿನದ ಫೋಟೋ ಅಣ್ಣ. ಶಿವಮೊಗ್ಗಕ್ಕೆ ಬಂದ ಮೊದಲನೇ ಕಾರು" ಎಂದ ಕಿರಣ.

"ಆಗ್ಲಪ್ಪ. ಫೋನಲ್ಲೇ ಈಗ ಎಲ್ಲ ಆಗುತ್ತಂತಲ್ಲ, ನನ್ನ ಹತ್ರ ಯಾಕೆ ಬಂದೆ?"

"ಆಪ್‌ಗೆ ಹಾಕಿದ್ದೆ. ಮುತ್ತಾತನ ವಿಭೂತಿನ ಗೀರು ಅಂತ ತಿಳ್ಕೊಂಡು ಅಳಿಸಿ ಹಾಕ್ತು. ಆದ್ರೆ ಇದು ನೋಡಿ, ಇದೊಂದು ಚೆನ್ನಾಗ್ ಮಾಡಿದೆ" ಎಂದು ಫೋನು ನನ್ನ ಮುಖಕ್ಕೆ ಹಿಡಿದ. ಫೋಟೋದ ಶಿವಲಿಂಗಪ್ಪನವರು ರೆಪ್ಪೆ ಬಡಿದರು. ನಿಧಾನಕ್ಕೆ ಕತ್ತು ತಿರುಗಿಸಿ ನನ್ನನ್ನು ನೋಡಿ ನಕ್ಕರು. ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಪಂಚೆಯ ಮೇಲೆ ಬಿಟ್ಟೆ. ಕಿರಣನಿಗೆ ಬಹಳ ಖುಷಿಯಾಯಿತು. "ನಮ್ಮಜ್ಜಿಗೂ ತೋರಿಸ್ದೆ. ಆ ಪಾಪು ಅವ್ರೇ. ನೋಡಿದೋರೇ ಎದ್ದು ರೂಮಿಗೆ ಹೋಗ್ಬಿಟ್ರು, ಮಾತೇ ಇಲ್ಲ" ಎಂದ. ಚೌಕಟ್ಟಿನಿಂದ ಬಿಡಿಸಿದ ಮೂಲ ಫೋಟೋವನ್ನು ಕೊಟ್ಟು ಹೋದ.

ಮಾರನೆಯ ಮಧ್ಯಾಹ್ನ ಆಟೋ ಬಂದು ನಿಂತಿತು. ಕೋಲು ಊರಿಕೊಂಡು ಇಳಿದವರು ಕಿರಣನ ಅಜ್ಜಿ ನೀಲಮ್ಮ. ತೊಂಬತ್ತು ದಾಟಿದವರು. ಆಟೋದವನ ಕೈ ಹಿಡಿದು ನಮ್ಮ ಜಗಲಿ ಹತ್ತಿ ಬಂದರು.

"ನೀನೇನಾ ಫೋಟೋದಲ್ಲಿ ಜನಾನ ಅಳಿಸೋನು?"

"ಕೂತ್ಕೊಳ್ಳಿ ಅಮ್ಮ" ಎಂದೆ.

"ನಮ್ಮ ಕಿರಣ ಕಾರಿನ ಫೋಟೋ ಕೊಟ್ಟಿದಾನಲ್ಲ, ಅದ್ರಲ್ಲಿರೋ ಹೆಣ್ಣುಮಗೂನ ತೆಗೆದುಬಿಡು. ಅವನಿಗೆ ಹೇಳ್ಬೇಡ."

"ಅದು ನೀವೇ ಅಲ್ವಾ ಅಮ್ಮ?"

"ಅದಕ್ಕೇ ಹೇಳ್ತಿರೋದು."

ಎತ್ತುಗಳನ್ನು ತೆಗೆಸಿದವರನ್ನು ಕಂಡಿದ್ದೇನೆ. ಸೊಸೆಯನ್ನು, ಪಾಲಿಗೆ ಬಂದ ತಮ್ಮನನ್ನು ತೆಗೆಸಿದವರನ್ನು ಕಂಡಿದ್ದೇನೆ. ತನ್ನನ್ನೇ ಅಳಿಸು ಎಂದು ಕೇಳಿಕೊಂಡು ಬಂದವರನ್ನು ಇಡೀ ವೃತ್ತಿಯಲ್ಲಿ ಕಂಡಿರಲಿಲ್ಲ. ಸರೋಜ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. ನೀಲಮ್ಮ ಅವಳ ಕಡೆ ತಿರುಗಿ ಹೇಳಿದರು.

"ಅಪ್ಪಯ್ಯನ ನೆನಪು ಅಂತ ನಂಗಿರೋದು ಅದೊಂದೇ ದಿನ ಕಣವ್ವ. ಅತ್ತೂ ಕರೆದು ಕಾರು ಹತ್ತಿದ್ದೆ. ಫೋಟೋ ತೆಗೆದಾದ್ಮೇಲೂ ಇಳೀಲಿಲ್ಲ. ಆಯನೂರು ಕಡೆ ನಮ್ಮ ಹೊಲ ಇತ್ತು, ಅಲ್ಲಿಗೆ ಹೊರಟ್ರು. ಕಾರು ಎತ್ತಿನ ಗಾಡಿಗಿಂತ ನಿಧಾನ ಹೋಗ್ತಿತ್ತು. ಮುಂದೆ ಭಜನೆ, ಹಲಗೆ. ರಸ್ತೇಲಿದ್ದೋರೆಲ್ಲ ಬದಿಗೆ ಸರಿದು ಕೈ ಮುಗಿಯೋರು. ಕಾರಿಗೆ ಕೈ ಮುಗೀತಾರೆ ಅಂತ ನಂಗೆ ಹಿಗ್ಗು. ಅಪ್ಪಯ್ಯ, ಇಲ್ನೋಡಿ ಅಂತ ಕರೆದೆ. ತಿರುಗ್ಲಿಲ್ಲ. ತೋಳು ಹಿಡಿದು ಜಗ್ಗಿ ಕರೆದೆ. ತಿರುಗ್ಲಿಲ್ಲ. ದಾರಿಯುದ್ದಕ್ಕೂ ಕರೆದೆ. ಹೊಲದ ಹತ್ರ ದೊಡ್ಡಪ್ಪ ನನ್ನನ್ನ ಎತ್ತಿ ಯಾರ್ದೋ ಕೈಗೆ ಕೊಟ್ರು. ಅಪ್ಪಯ್ಯ ಹೊಲದಲ್ಲೇ ಉಳ್ಕೊಂಡಿದಾರೆ ಅಂದ್ರು. ಆಮೇಲೆ, ಅಲ್ಲೇ ಜ್ವರ ಬಂದು ತೀರ್ಕೊಂಡ್ರು ಅಂದ್ರು."

"ಹೋಗ್ಲಿ ಬಿಡಿ ಅಮ್ಮ, ಎಷ್ಟೋ ವರ್ಷದ ಮಾತು" ಎಂದಳು ಸರೋಜ.

"ವರ್ಷ ಆದ್ರೇನು? ಗಂಡುಮಗು ಆಗಿದ್ರೆ ತಿರುಗಿ ನೋಡ್ತಿದ್ರೇನೋ ಅಂತ ಇವತ್ತಿಗೂ ಅನ್ಸುತ್ತೆ. ಮೊನ್ನೆ ಕಿರಣ ಫೋನಲ್ಲಿ ತೋರಿಸ್ದ. ತಿರುಗಿ ನಕ್ಕರು ಅಪ್ಪಯ್ಯ. ಫೋನಿಗೆ ತಿರುಗೋರು ನಂಗೆ ತಿರುಗ್ಲಿಲ್ಲ. ಬೇಡವಾದ ಮಗೂನ ಬೋರ್ಡ್ ಮೇಲೆ ಹಾಕಿ ಊರಿಗೆಲ್ಲ ಯಾಕೆ ತೋರಿಸ್ಬೇಕು ಹೇಳು."

ಅಳಿಸುತ್ತೇನೆ ಎಂದು ಮಾತು ಕೊಟ್ಟು ಕಳಿಸಿದೆ. ಬೇರೆ ಏನು ಹೇಳಲಿ?

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತೆ. ಮೊದಲು ನಕಲು ತೆಗೆದಿಟ್ಟೆ. ಆಮೇಲೆ ಮಗುವಿನ ಮುಖವನ್ನು ಹಿಗ್ಗಿಸಿದೆ. ಮುಖ ಕಲಸಿಹೋಗಿತ್ತು, ಎರಡೆರಡು ಮುಖವಿದ್ದಂತೆ. ಒಂದು ಕ್ಯಾಮೆರಾ ಕಡೆ, ಇನ್ನೊಂದು ಅಪ್ಪನ ಕಡೆ. ಫೋಟೋದವನು ಒಂದು ಎರಡು ಮೂರು ಎಣಿಸುವಷ್ಟರಲ್ಲಿ ಮಗು ತಿರುಗಿದೆ. ಕೈ ಅಪ್ಪನ ತೋಳು ಹಿಡಿದಿದೆ. ಕೈಯನ್ನು ಅಳಿಸಬೇಕಾದರೆ ತೋಳನ್ನು ಮತ್ತೆ ಬರೆಯಬೇಕು. ಅದಕ್ಕೆ ತೋಳನ್ನು ಹಿಗ್ಗಿಸಿದೆ. ವಿಭೂತಿಯ ಒಂದೊಂದು ಗೆರೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ನನಗೆ ಏನೋ ಸರಿಯಿಲ್ಲ ಅನಿಸಿತು. ಡ್ರೈವರನ ಮುಖ ಸ್ವಲ್ಪ ಅಲುಗಿದೆ, ನಿಂತ ನೆಂಟರೆಲ್ಲ ಸ್ವಲ್ಪ ಸ್ವಲ್ಪ ಅಲುಗಿದ್ದಾರೆ. ಶಿವಲಿಂಗಪ್ಪನವರ ಹಾರದ ಎಸಳುಗಳೂ ಎಣಿಸುವಂತಿವೆ.

ದೊರೈ ಅಣ್ಣನ ಮಾತು ನೆನಪಾಯಿತು. ಕಣ್ಣುಗಳನ್ನು ಹಿಗ್ಗಿಸಿದೆ. ಗುಡ್ಡೆಯ ಅಂಚಿನಲ್ಲಿ ಕುಂಚದ ಕೂದಲಿನ ಗೆರೆ. ಬಿಸಿಲು ಬಲಗಡೆಯಿಂದ ಬಿದ್ದಿದೆ, ಹೊಳಪಿನ ಚುಕ್ಕಿ ಮಾತ್ರ ಎರಡೂ ಕಣ್ಣಿನ ನಟ್ಟನಡುವೆ. ಹಾರಗಳ ಸಂದಿಯಲ್ಲಿ ಎದೆಯ ಸುತ್ತ ಬಿಳಿ ವಸ್ತ್ರದ ಪಟ್ಟಿ, ಕಂಕುಳ ಕೆಳಗಿಂದ ಹಿಂದಕ್ಕೆ ಹೋಗಿ ಸೀಟಿಗೆ ಬಿಗಿದಿದೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನಿಂತಲ್ಲಿಂದಲೇ ಸರೋಜಳನ್ನು ಕೂಗಿದೆ.

ನಮ್ಮ ಕಡೆ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಕೂರಿಸಿ ಪೂಜೆ ಮಾಡುತ್ತಾರೆ. ವಿಮಾನ ಎಂದು ಕರೆಯುವ ಸಿಂಗರಿಸಿದ ಮಂಟಪದಲ್ಲಿ ಕೂತಂತೆಯೇ ಮೆರವಣಿಗೆ ಮಾಡಿ, ತಮ್ಮ ಹೊಲದಲ್ಲಿ ಕೂತಂತೆಯೇ ಮಣ್ಣು ಮಾಡುತ್ತಾರೆ. ಇದು ನನಗೂ ಗೊತ್ತು, ಕಿರಣನಿಗೂ ಗೊತ್ತು, ಊರಿಗೇ ಗೊತ್ತು. ಆದರೆ ಬಾಳೆಕಂದು, ಹಾರ, ಕಾರು ಮೂರೂ ಒಟ್ಟಿಗೆ ಕಂಡರೆ ಯಾರಿಗಾದರೂ ಹೊಳೆಯುವುದು ಹೊಸ ಗಾಡಿಯ ಪೂಜೆಯೇ. ಕಾರು ತರಿಸಿಕೊಂಡ ಮನುಷ್ಯ ಅದರಲ್ಲಿ ಕೂರುವ ಮೊದಲೇ ಹೋಗಿಬಿಟ್ಟಿರಬೇಕು. ಅವರ ಅಣ್ಣ ಮರ ಬಿದಿರಿನ ವಿಮಾನ ಬೇಡವೆಂದು ಕಾರಿನಲ್ಲೇ ಕೂರಿಸಿ ಕಳಿಸಿದ್ದಾರೆ. ದೊರೈ ಅಣ್ಣನಂಥ ಯಾವನೋ ಒಬ್ಬ ಕಣ್ಣು ತೆರೆಸಿದ್ದಾನೆ.

"ಹೇಳೋದಾ ಬೇಡ್ವಾ?" ಎಂದು ಸರೋಜಳನ್ನು ಕೇಳಿದೆ.

"ಹೇಳ್ದೆ ಇದ್ರೆ ಆಯಮ್ಮ ಹಂಗೇ ಹೋಗ್ತಾರೆ" ಎಂದಳು.

ಕಿರಣನ ಮನೆಗೆ ಲ್ಯಾಪ್‌ಟಾಪು, ಮೂಲ ಫೋಟೋ ಎರಡನ್ನೂ ತೆಗೆದುಕೊಂಡು ಹೋದೆ. ಮೊದಲು ಅವನನ್ನು ಹೊರಗೆ ಕರೆದು ತೋರಿಸಿದೆ. ಅವನ ಮುಖದ ಬಣ್ಣವೇ ಇಳಿದುಹೋಯಿತು. ಫೋನು ತೆಗೆದು, ಮುತ್ತಾತ ನಗುವ ಆ ವಿಡಿಯೋವನ್ನು ನನ್ನೆದುರೇ ಅಳಿಸಿದ.

"ಇದನ್ನ ನಮ್ಮ ಫ್ಯಾಮಿಲಿ ಗ್ರೂಪಿಗೆಲ್ಲ ಕಳಿಸಿದೀನಿ ಅಣ್ಣ. ಎಲ್ರೂ ಹಾರ್ಟ್ ಹಾಕಿದಾರೆ" ಎಂದ. ಫೋನು ಜೇಬಿಗೆ ತುರುಕಿ, "ಬೋರ್ಡು ಸಾಯ್ಲಿ. ಅಜ್ಜಿಗೆ ಮಾತ್ರ ಹೇಳ್ಬೇಡಿ. ಈ ವಯಸ್ಸಲ್ಲಿ ಹೆಣದ ಪಕ್ಕ ಕೂತಿದ್ದೆ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ" ಎಂದ.

ಅವನು ಹೇಳಿದ್ದು ತಪ್ಪೆನಿಸಲಿಲ್ಲ. ನಾನು ವಾಪಸು ಹೊರಟಿದ್ದೆ. ಒಳಗಿನಿಂದ ನೀಲಮ್ಮನ ದನಿ ಕೇಳಿತು.

"ಫೋಟೋದೋನು ಬಂದಿದಾನಾ? ಅಳಿಸಿದ್ಯೇನೋ?"

ನಾನು ಒಳಗೆ ಹೋದೆ. ಮಂಚದ ಮೇಲೆ ಕೂತಿದ್ದರು. "ಇಲ್ಲಮ್ಮ" ಎಂದೆ.

"ಯಾಕೆ?"

ಆ ಮುಖ ನೋಡಿ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಕಿರಣ ಹಿಂದೆ ನಿಂತು ನನ್ನ ಅಂಗಿ ಜಗ್ಗುತ್ತಿದ್ದ. "ಅಮ್ಮ, ಅವತ್ತು ನಿಮ್ಮ ಅಪ್ಪಯ್ಯ ತಿರುಗಿ ನೋಡೋ ಹಂಗಿರಲಿಲ್ಲ. ಕಾರು ಹತ್ತಿಸೋ ಮೊದಲೇ ಅವರು ತೀರಿಹೋಗಿದ್ರು" ಎಂದುಬಿಟ್ಟೆ.

ಅವರು ಅಲುಗಲಿಲ್ಲ. "ಕಣ್ಣು ಬಿಟ್ಟಿದಾರಲ್ಲ ಮತ್ತೆ" ಎಂದರು.

"ಅದು ಬರೆದ ಕಣ್ಣಮ್ಮ. ಆಮೇಲೆ ಸ್ಟುಡಿಯೋದಲ್ಲಿ ಬರೆದಿದ್ದು."

ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು ಕುಂಚದ ಗೆರೆಗಳನ್ನು, ಎದೆಯ ಪಟ್ಟಿಯನ್ನು ತೋರಿಸಿದೆ. ಮೂಗು ತಾಗುವಷ್ಟು ಹತ್ತಿರಕ್ಕೆ ಬಾಗಿ ನೋಡಿದರು. ನನಗೆ ಭಯವಾಯಿತು. ಕಿರಣ ಹೋಗಿ ಅಜ್ಜಿಯ ಬೆನ್ನು ಹಿಡಿದು ನಿಂತ.

"ತೋಳು ತಣ್ಣಗಿತ್ತು" ಎಂದರು ನೀಲಮ್ಮ. "ಬೆಳಗಿನ ಥಂಡಿ ಅಂದ್ಕೊಂಡಿದ್ದೆ."

ಪರದೆಯ ಮೇಲೆ ಆ ತೋಳನ್ನು ಬೆರಳಿನಿಂದ ಸವರಿದರು.

"ಜನ ಕೈ ಮುಗಿದಿದ್ದು ಕಾರಿಗಲ್ಲ."

"ಅಲ್ಲಮ್ಮ."

"ಹಂಗಾದ್ರೆ ನಾನು ಕರೆದಿದ್ದು ಅಪ್ಪಯ್ಯನಿಗೆ ಕೇಳಿಸ್ಲೇ ಇಲ್ಲ." ಇದನ್ನು ಅವರು ನನಗೆ ಹೇಳಲಿಲ್ಲ. ಮತ್ತೊಂದು ಸಲ, ಇನ್ನೂ ಮೆಲ್ಲಗೆ, ಅದನ್ನೇ ಹೇಳಿಕೊಂಡರು. ಆಮೇಲೆ ಅತ್ತರು. ಅಷ್ಟು ವಯಸ್ಸಿನವರು ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಕಿರಣ ಗೋಡೆಯ ಕಡೆ ತಿರುಗಿಕೊಂಡಿದ್ದ.

ಸೆರಗಿನಿಂದ ಮುಖ ಒರೆಸಿಕೊಂಡು ಅವರು ಮೂಲ ಫೋಟೋವನ್ನು ಕೇಳಿದರು. ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ನೋಡಿ, "ಸತ್ತೋರ ಕಣ್ಣು ಇಷ್ಟು ವರ್ಷ ತೆರೆದಿಟ್ಟಿದೀರಲ್ಲೋ ಮಾರಾಯ. ಮುಚ್ಚು" ಎಂದರು.

ಗೋಂದಿನ ಬಣ್ಣ ಒದ್ದೆ ಹತ್ತಿಗೆ ಬಿಡುತ್ತದೆ ಎಂದು ಗೊತ್ತಿತ್ತು. ಆದರೂ ಮೂಲ ಪ್ರತಿಯನ್ನು ಒದ್ದೆ ಮಾಡುವುದೆಂದರೆ ನನಗೆ ಪ್ರಾಣ ಹೋದ ಹಾಗೆ. ನಕಲಂತೂ ಇತ್ತು. ಕಿರಣ ಹತ್ತಿ, ನೀರು ತಂದ. ಹತ್ತಿಯನ್ನು ಸಣ್ಣಗೆ ಹೊಸೆದು, ನೀರಿನಲ್ಲದ್ದಿ, ಹಿಂಡಿ, ಕಣ್ಣಿನ ಹತ್ತಿರ ಒಯ್ದೆ. ನೀಲಮ್ಮ ನನ್ನ ಕೈ ತಡೆದರು.

"ಕೊಡು. ಮಕ್ಕಳು ಮಾಡೋ ಕೆಲಸ ಅದು."

ನಡುಗುವ ಕೈ. ನಾನು ಅವರ ಮಣಿಕಟ್ಟಿನ ಕೆಳಗೆ ನನ್ನ ಕೈಯನ್ನು ಆಸರೆ ಕೊಟ್ಟೆ. ಅವರು ಒಂದು ಕಣ್ಣಿನ ಮೇಲೆ ಹತ್ತಿ ಆಡಿಸಿದರು. ಹೊಳಪಿನ ಚುಕ್ಕಿ ಹೋಯಿತು, ಗುಡ್ಡೆ ಹೋಯಿತು, ಕೆಳಗಿನಿಂದ ಮುಚ್ಚಿದ ರೆಪ್ಪೆ ಬಂತು. ಮತ್ತೊಂದನ್ನೂ ಹಾಗೇ ಮಾಡಿದರು. ಶಿವಲಿಂಗಪ್ಪನವರ ಮುಖ ಬೇರೆಯೇ ಆಯಿತು. ಬಿಗಿದುಕೊಂಡು ಕೂತ ಸಿಟ್ಟಿನ ಯಜಮಾನರು ಹೋಗಿ, ಮೂವತ್ತೂ ದಾಟದ ದಣಿದ ಒಬ್ಬ ಹುಡುಗ ಅಲ್ಲಿದ್ದ. ನೀಲಮ್ಮ ಬಹಳ ಹೊತ್ತು ಅವನನ್ನು ನೋಡಿದರು.

ನಾನು ಹತ್ತಿ ಎತ್ತಿಟ್ಟು, ಹಿಂದಿನ ದಿನ ಕೊಟ್ಟ ಮಾತು ನೆನಪಾಗಿ, "ಮಗೂನ ಏನ್ಮಾಡ್ಲಿ ಅಮ್ಮ?" ಎಂದು ಕೇಳಿದೆ.

"ಅದು ಇರ್ಲಿ" ಎಂದರು. "ಆಯನೂರಿನ ತನಕ ಅಪ್ಪಯ್ಯನ ಕೈ ಹಿಡ್ಕೊಂಡು ಹೋದೋಳು ನಾನೊಬ್ಬಳೇ."